ಇವತ್ತು ಕಾಣೆ ಇಲ್ಲ

ಮೊದಲ ದಿನ, ಶುಕ್ರವಾರ

ಅಮ್ಮನಿಗೆ ಕಾಣೆ ಮೀನು ತಿನ್ನಬೇಕಿತ್ತು. ಅದಕ್ಕೇ ಹೊರಟಿದ್ದು.

ನಾವು ತೀರ್ಥಹಳ್ಳಿ ಕಡೆಯವರು. ನಮ್ಮೂರಿಗೆ ಮೀನು ಘಾಟಿ ಹತ್ತಿಕೊಂಡು ಬರಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೊಪೆಡ್ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು, ಪೊಂ ಪೊಂ ಅಂತ ಹಾರನ್ ಹೊಡೆಯುತ್ತಾ ಮೀನಿನವರು ಬರುತ್ತಾರೆ. ಪೆಟ್ಟಿಗೆಯಲ್ಲಿ ಬಂಗುಡೆ ಇರುತ್ತೆ, ಇಲ್ಲದಿದ್ದರೆ ಬೂತಾಯಿ. ಹೆಚ್ಚುಕಮ್ಮಿ ಇವೆರಡೇ. ಕಾಣೆ ನಮ್ಮ ಬೀದಿಗೆ ಬಂದಿದ್ದು ನಾನಂತೂ ನೋಡಿಲ್ಲ. ಅಮ್ಮ ಅದನ್ನು ತಿಂದಿದ್ದು ಮದುವೆಗೂ ಮುಂಚೆ, ಕುಂದಾಪುರದ ದೊಡ್ಡಮ್ಮನ ಮನೆಯಲ್ಲಿ, ಒಂದೇ ಒಂದು ಸಲ. "ನಡುಮುಳ್ಳು ಬಾಚಣಿಗೆ ತರ ಇರ್ತದೆ, ಹಿಡಿದು ಎಳೆದ್ರೆ ಪೂರ್ತಿ ಬರ್ತದೆ. ಮಾಂಸ ಸಿಹಿ ಕಣೋ" ಅಂತ ನಾನು ಚಿಕ್ಕವನಿದ್ದಾಗಿನಿಂದ ಹೇಳುತ್ತಲೇ ಇದ್ದಾಳೆ. ಈ ಡಿಸೆಂಬರ್‌ನಲ್ಲಿ ನಾಲ್ಕು ದಿನ ರಜ ಸಿಕ್ಕಿತು. ಕಾರು ತೆಗೆದುಕೊಂಡು ಹೊರಟೆವು. ದೊಡ್ಡ ರೆಸ್ಟೋರೆಂಟ್ ಬೇಡ, ಮನೆಯವರೇ ಮಾಡಿ ಮನೆಯವರೇ ಬಡಿಸುವ ಹಳೆಯ ಮೀನೂಟದ ಹೋಟೆಲ್‌ಗಳಲ್ಲೇ ಉಣ್ಣೋಣ ಅಂತ ಮಾತಾಡಿಕೊಂಡಿದ್ದೆವು. ಅಮ್ಮನದು ಇನ್ನೊಂದು ಷರತ್ತು. ಸೋಮವಾರ ಅವಳು ಮೀನು ಮುಟ್ಟುವುದಿಲ್ಲ.

ಬೆಳಿಗ್ಗೆ ಐದಕ್ಕೇ ಬಿಟ್ಟೆವು. ಆಗುಂಬೆಯಲ್ಲಿ ಮುಂದಿನ ಬಸ್ಸಿನ ಕೆಂಪು ದೀಪ ಬಿಟ್ಟರೆ ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ತಿರುವುಗಳನ್ನು ಇಳಿದು ಸೋಮೇಶ್ವರಕ್ಕೆ ಬರುವಾಗ ಸ್ವೆಟರ್ ತೆಗೆದೆವು, ಹೆಬ್ರಿ ದಾಟುವಾಗ ಕಿಟಕಿ ಇಳಿಸಿದೆವು. ಎಂಟೂವರೆಗೆ ಮಲ್ಪೆ.

ಮೀನೂಟ ಗೊತ್ತಾಗಬೇಕು ಅಂದರೆ ಮೊದಲು ಧಕ್ಕೆಗೆ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಗೆ ಹೋಗಬೇಕು. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದರ ಪಕ್ಕ ಒಂದು ಎಷ್ಟು ಒತ್ತಾಗಿ ನಿಂತಿರುತ್ತವೆ ಅಂದರೆ ನೀರೇ ಕಾಣುವುದಿಲ್ಲ. ಏಲಂ ನಡೆಯುತ್ತಿತ್ತು. ಕೂಗುವವನ ಬಾಯಿಂದ ಬರುವ ಲೆಕ್ಕ ನನಗೆ ಒಂದೂ ಅರ್ಥವಾಗಲಿಲ್ಲ, ಆದರೆ ಸುತ್ತ ನಿಂತ ಹೆಂಗಸರು ಗಲ್ಲ ಒಂದು ಚೂರು ಎತ್ತಿದರೆ ಸಾಕು, ಬುಟ್ಟಿ ಅವರದ್ದಾಗುತ್ತಿತ್ತು. ಅಮ್ಮ ಸೀದಾ ಒಂದು ಬುಟ್ಟಿಯ ಮುಂದೆ ಕೂತು ಮೀನಿನ ಕಿವಿ ಎತ್ತಿ ನೋಡಿದಳು. ಒಳಗೆ ಕೆಂಪಗಿತ್ತು. ಬೆರಳಲ್ಲಿ ಬೆನ್ನು ಒತ್ತಿದಳು, ಗುಳಿ ಬೀಳಲಿಲ್ಲ. "ನಮ್ಮೂರಿಗೆ ಬರೋದೂ ಬಂಗುಡೆನೇ, ಇದೂ ಬಂಗುಡೆನೇ, ಆದ್ರೆ ಇದರ ಕಣ್ಣು ನೋಡು" ಅಂದಳು. ಕಣ್ಣು ಉಬ್ಬಿತ್ತು, ಗಾಜಿನ ಹಾಗೆ ಹೊಳೆಯುತ್ತಿತ್ತು.

ಅಲ್ಲೇ ಬಲೆ ಹೊಲಿಯುತ್ತಾ ಕೂತಿದ್ದ ಒಬ್ಬ ತಾಂಡೇಲರ (ಬೋಟು ನಡೆಸುವವರ) ಜೊತೆ ಮಾತಿಗೆ ಕೂತೆವು. ಆಳಸಮುದ್ರದ ಬೋಟು ಹೊರಟರೆ ಎಂಟು ಹತ್ತು ದಿನ ವಾಪಸ್ ಬರುವುದಿಲ್ಲ. ಮೊದಲ ದಿನ ಬಲೆಗೆ ಬಿದ್ದ ಮೀನು ಅಷ್ಟೂ ದಿನ ಐಸಿನ ಅಡಿಯಲ್ಲೇ ಇರಬೇಕು. ಅದೇನು ಹಾಳು ಮೀನಲ್ಲ, ಸರಿಯಾಗಿ ಐಸ್ ಹಾಕಿದರೆ ಚೆನ್ನಾಗೇ ಇರುತ್ತೆ. ಆದರೆ ರಾತ್ರಿ ಹೋಗಿ ಬೆಳಿಗ್ಗೆ ಬರುವ ಸಣ್ಣ ದೋಣಿಗಳ ಮೀನು ಬೇರೆಯೇ. ಕಾಣೆ, ನಂಗ್ ಇಂಥವು ದಡದ ಹತ್ತಿರ, ಹೊಳೆ ಕಡಲಿಗೆ ಸೇರುವ ಅಳಿವೆಯ ಮರಳಿನಲ್ಲಿ ಸಿಗುವ ಮೀನುಗಳು, ಹಾಗಾಗಿ ಸಣ್ಣ ದೋಣಿಯವರಿಗೇ ಜಾಸ್ತಿ ಸಿಗುತ್ತವೆ. ಒಂದು ದಿನ ಬುಟ್ಟಿ ತುಂಬ ಬರುತ್ತೆ, ಮಾರನೇ ದಿನ ಒಂದೂ ಇಲ್ಲ. "ಕಾಣೆ ಬೇಕು ಅಂತ ಹೊರಟರೆ ಸಿಗುದಿಲ್ಲ ಅಮ್ಮಾ, ಸಿಕ್ಕಿದ ದಿವಸ ತಿನ್ನಬೇಕು" ಅಂದರು ಅವರು. ಅಮ್ಮ ತಲೆ ಆಡಿಸಿದಳು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ.

ಮಧ್ಯಾಹ್ನ ಅಲ್ಲೇ ಒಂದು ಮನೆ ಹೋಟೆಲ್‌ನಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬೂತಾಯಿ ಪುಳಿಮುಂಚಿ. ಬೂತಾಯಿಗೆ ತನ್ನದೇ ಎಣ್ಣೆ, ತನ್ನದೇ ವಾಸನೆ ಇರುತ್ತೆ, ಅದಕ್ಕೇ ಇಲ್ಲಿಯವರು ಪುಳಿಮುಂಚಿಗೆ ತೆಂಗಿನಕಾಯಿ ಹಾಕುವುದಿಲ್ಲ, ಖಾರ ಮತ್ತು ಹುಣಸೆಹುಳಿಯಲ್ಲೇ ಬೇಯಿಸುತ್ತಾರೆ. ಚೆನ್ನಾಗಿತ್ತು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ನಿಲ್ಲಿಸಿದ ಹಾಗಿರುವ ಕಲ್ಲುಗಳನ್ನು ನೋಡಿ ಬಂದೆವು. ಬಿಸಿಲು ಜಾಸ್ತಿ ಇತ್ತು.

ರಾತ್ರಿ ಊಟ ಮಾತ್ರ ಕೆಟ್ಟಿತು. ಸುಸ್ತಾಗಿತ್ತು, ಹುಡುಕುವ ಮನಸ್ಸಿರಲಿಲ್ಲ, ಹೆದ್ದಾರಿ ಪಕ್ಕದ ಒಂದು ದೊಡ್ಡ ಹೋಟೆಲ್‌ಗೆ ನುಗ್ಗಿದೆವು. ಹೆಸರು ಬೇಡ. ಹತ್ತು ಪುಟದ ಮೆನು, ಪುಟ ಪುಟಕ್ಕೂ ಫೋಟೋ. ಕಾಣೆ ಇದ್ಯಾ ಅಂತ ಕೇಳಿದೆ, ಇದೆ. ಅಂಜಲ್? ಇದೆ. ಮಾಂಜಿ? ಇದೆ. ಕೇಳಿದ್ದೆಲ್ಲ ಇತ್ತು. ಅಮ್ಮನ ಮುಖ ಅರಳಿತು. ಬಂದ ತಟ್ಟೆಯಲ್ಲಿ ರವೆಯ ದಪ್ಪ ಕವಚ ಇತ್ತು, ಒಡೆದರೆ ಒಳಗೆ ಬೂದು ಬಣ್ಣದ ಮಾಂಸ, ಹಿಟ್ಟಿನ ಹಾಗೆ ಪುಡಿಪುಡಿ. ಅಮ್ಮ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ನುಂಗಿದಳು. ಆಮೇಲೆ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿ, ಮೊಸರನ್ನ ತರಿಸು ಅಂದಳು. ಇಷ್ಟು ವರ್ಷ ಕಾದು ಹೀಗಾಯ್ತಲ್ಲ ಅಂತ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ, "ನಾನು ನಿನ್ನೆ ತಿಂದಿದ್ದು ಕಾಣೆ ಅಲ್ಲ ಅಂತ ಲೆಕ್ಕ" ಅಂದಳು.

ಎರಡನೇ ದಿನ, ಶನಿವಾರ

ಕುಂದಾಪುರ ಅಂದರೆ ಈಗ ಎಲ್ಲರೂ ಕೋಳಿ ಘೀ ರೋಸ್ಟ್ ಅನ್ನುತ್ತಾರೆ, ಅದು ಹುಟ್ಟಿದ್ದು ಇಲ್ಲೇ. ನಮಗೆ ಬೇಕಿದ್ದು ಅದಲ್ಲ. ವಾರಾಹಿ, ಚಕ್ರಾ, ಸೌಪರ್ಣಿಕಾ ಎಲ್ಲ ಸೇರಿ ಒಟ್ಟು ಐದು ಹೊಳೆ ಇಲ್ಲಿ ಒಂದಾಗಿ ಪಂಚಗಂಗಾವಳಿ ಅಂತ ಗಂಗೊಳ್ಳಿ ಹತ್ತಿರ ಕಡಲಿಗೆ ಸೇರುತ್ತೆ. ಸಿಹಿನೀರು ಉಪ್ಪುನೀರು ಬೆರೆಯುವ ಜಾಗ. ಇಂಥ ಕಡೆ ಸಿಗುವ ಮೀನಿಗೆ ರುಚಿ ಜಾಸ್ತಿ ಅಂತ ಇಲ್ಲಿಯವರು ಹೇಳುತ್ತಾರೆ, ಉಂಡ ಮೇಲೆ ನಾನೂ ಹಾಗೇ ಹೇಳುತ್ತೇನೆ.

ಹೊಳೆ ಕಡೆ ಇಳಿಯುವ ಬೀದಿಯಲ್ಲಿ ಆ ಹೋಟೆಲ್. ಹೋಟೆಲ್ ಅಂದರೆ ಹಂಚಿನ ಮನೆಯ ಜಗಲಿ ಮತ್ತು ಮುಂದಿನ ಕೋಣೆ, ಆರು ಮೇಜು, ಗೋಡೆ ಮೇಲೆ ತಾತನ ಫೋಟೋ. ಬೋರ್ಡ್ ಇಲ್ಲ. ಬಾಗಿಲ ಪಕ್ಕ ಒಂದು ಸ್ಲೇಟು ನೇತು ಹಾಕಿದ್ದರು. ಸೀಮೆಸುಣ್ಣದಲ್ಲಿ ನಂಗ್, ಬಂಗುಡೆ, ಚಟ್ಲಿ ಅಂತ ಬರೆದಿತ್ತು. ಚಟ್ಲಿ ಅಂದರೆ ಸಿಗಡಿ. ಅದರ ಕೆಳಗೆ ಒರೆಸಿದ ಬಿಳಿ ಗುರುತು. ಹತ್ತಿರ ಹೋಗಿ ನೋಡಿದರೆ ಕಾಣೆ ಅಂತ ಬರೆದು ಅಳಿಸಿದ್ದು ಮಸುಕಾಗಿ ಕಾಣುತ್ತಿತ್ತು.

ಗಲ್ಲಾದಲ್ಲಿ ಕೂತಿದ್ದ ಯಜಮಾನರು ನಾನು ಬಾಯಿ ಬಿಡುವ ಮೊದಲೇ ಹೇಳಿದರು, "ಬನ್ನಿ, ಕೂಕಣಿ. ಇವತ್ ಕಾಣಿ ಇಲ್ಲೆ ಹ್ವಾಯ್. ನಂಗ್ ಲಾಯ್ಕ್ ಇತ್ತ್."

ಅಮ್ಮ ಬಿಡಲಿಲ್ಲ. ಬೆಳಿಗ್ಗೆ ಮೀನು ಮಾರ್ಕೆಟ್‌ನಲ್ಲಿ ತಾನೇ ಕಣ್ಣಾರೆ ನೋಡಿದ್ದೇನೆ, ಒಬ್ಬಳ ಬುಟ್ಟಿಯಲ್ಲಿ ಏಳೆಂಟು ಕಾಣೆ ಇತ್ತು ಅಂದಳು.

"ಇತ್ತ್ ಅಮ್ಮ, ನಾನೂ ಕಂಡಿದೆ. ಅದ್ ನಿನ್ನಿದ್ದ್. ನಾವ್ ತಕಂಬುದಿಲ್ಲೆ."

ಅಷ್ಟೇ. ಬೇಕಿದ್ದರೆ ತಂದು ಕರಿದು ಕೊಡಬಹುದಿತ್ತು, ನಮಗೆ ಗೊತ್ತೂ ಆಗುತ್ತಿರಲಿಲ್ಲ. ಗಿರಾಕಿ ಎದುರು ನಿಂತು ದುಡ್ಡು ಕೊಡುತ್ತೇನೆ ಅಂದರೂ ಇಲ್ಲ ಅನ್ನುವ ಹೋಟೆಲ್ ನನಗೆ ಬಹಳ ಇಷ್ಟವಾಯಿತು. ಹಿಂದಿನ ರಾತ್ರಿ ಕೇಳಿದ್ದೆಲ್ಲ ಇದೆ ಅಂದಿದ್ದವರು ನೆನಪಾದರು. ಮನೆಯ ಅಡುಗೆಮನೆ ಮತ್ತು ಹೋಟೆಲ್‌ನ ಅಡುಗೆಮನೆ ಒಂದೇ ಆದಾಗ, ನಿನ್ನೆಯ ಮೀನನ್ನು ಗಿರಾಕಿಗೆ ಹಾಕಿದರೆ ಅದೇ ಪಾತ್ರೆಯಿಂದ ಮಧ್ಯಾಹ್ನ ಮೂರಕ್ಕೆ ಮನೆಯವರೂ ಉಣ್ಣಬೇಕು. ಯಾರು ತರುತ್ತಾರೆ ಹೇಳಿ?

ಹನ್ನೆರಡು ಕೂಡ ಆಗಿರಲಿಲ್ಲ, ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅಮ್ಮ ಒಳಗೆ ಇಣುಕಿ, "ಬರಬಹುದಾ?" ಅಂತ ಕೇಳಿದಳು. ಹಿತ್ತಿಲ ಮೆಟ್ಟಿಲ ಮೇಲೆ ಎಂಬತ್ತು ದಾಟಿದ ಅಜ್ಜಿ ಮೀನು ಮಾಡುತ್ತಾ ಕೂತಿದ್ದರು. ಮಾಡುವುದು ಅಂದರೆ ಹೆಚ್ಚಿ ತೊಳೆದು ಹಸನು ಮಾಡುವುದು. ನಂಗ್ ಅಂದರೆ ಎಲೆಯ ಹಾಗೆ ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಕಡೆ, ಮೇಲ್ಗಡೆ ಕಂದು ಬಣ್ಣದ ಗಟ್ಟಿ ಚರ್ಮ. ಅಜ್ಜಿ ಬೆರಳನ್ನು ಒಲೆ ಬೂದಿಯಲ್ಲಿ ಅದ್ದಿಕೊಂಡರು. ತಲೆಯ ಹತ್ತಿರ ಕತ್ತಿಯಲ್ಲಿ ಒಂದು ಸಣ್ಣ ಗೀರು ಹಾಕಿ, ಚರ್ಮದ ತುದಿಯನ್ನು ಹೆಬ್ಬೆರಳಲ್ಲಿ ಎಬ್ಬಿಸಿ, ಬಾಲದ ಕಡೆಗೆ ಒಂದೇ ಎಳೆತ. ಬಾಳೆಪಟ್ಟೆ ಸೀಳಿದ ಹಾಗೆ ಸರ್ ಅಂತ ಪೂರ್ತಿ ಬಂತು. ಬೂದಿ ಯಾಕೆ ಅಂದರೆ ಮೀನು ಜಾರುತ್ತೆ, ಬೂದಿ ಇದ್ದರೆ ಬೆರಳಿಗೆ ಹಿಡಿತ ಸಿಗುತ್ತೆ. ನೋಡುತ್ತಾ ಇದ್ದ ಹಾಗೇ ಹನ್ನೆರಡು ಮೀನು ಮುಗಿಸಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತು ತಾನೂ ಒಂದು ಪ್ರಯತ್ನ ಮಾಡಿದಳು. ಚರ್ಮ ಅರ್ಧಕ್ಕೇ ಹರಿಯಿತು. "ಅಡ್ಡಿಲ್ಲ, ನೂರ್ ಮೀನ್ ಮಾಡ್ರೆ ಬತ್ತ್" ಅಂದರು ಅಜ್ಜಿ.

ಒಳಗೆ ಅವರ ಸೊಸೆ ಮಸಾಲೆ ಹುರಿಯುತ್ತಿದ್ದರು. ಬ್ಯಾಡಗಿ ಮೆಣಸಿಗೆ ಎರಡು ಹನಿ ತೆಂಗಿನೆಣ್ಣೆ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೆಂತೆ ಮಾತ್ರ ಎಣಿಸಿ ಐದು ಕಾಳು, ಜಾಸ್ತಿಯಾದರೆ ಸಾರು ಕಹಿ. ಇದನ್ನೆಲ್ಲ ತೆಂಗಿನಕಾಯಿ, ಹುಣಸೆಹಣ್ಣು, ಬೆಳ್ಳುಳ್ಳಿ ಜೊತೆ ರುಬ್ಬುವುದು. ಈಗ ಗ್ರೈಂಡರ್ ಇದೆ, ಆದರೆ ಅಜ್ಜಿ ಬಂದು ಎರಡು ಬೆರಳ ನಡುವೆ ಉಜ್ಜಿ ನೋಡಿ ಗಂಧದ ಹಾಗೆ ನುಣ್ಣಗಾಗಿದೆ ಅಂದ ಮೇಲೇ ಗ್ರೈಂಡರ್ ನಿಲ್ಲುವುದು. ಮಸಾಲೆ ಮಣ್ಣಿನ ಮಡಕೆಯಲ್ಲಿ ಕುದಿದ ಮೇಲೆ ಮೀನು ಬಿಡುತ್ತಾರೆ. ಆಮೇಲೆ ಸೌಟು ಹಾಕುವ ಹಾಗಿಲ್ಲ. ಬಟ್ಟೆಯಲ್ಲಿ ಮಡಕೆಯ ಕಂಠ ಹಿಡಿದು ಒಮ್ಮೆ ಗುಂಡಗೆ ತಿರುಗಿಸುತ್ತಾರೆ, ಅಷ್ಟೇ. ಸೌಟು ಹಾಕಿದರೆ ಮೀನು ಒಡೆಯುತ್ತೆ.

ಫ್ರೈಗೆ ರವೆ ಹಾಕಲ್ವಾ ಅಂತ ಕೇಳಿದೆ. ಕೇಳಿದವರಿಗೆ ಹಾಕಿ ಕೊಡುತ್ತಾರಂತೆ. ಅಜ್ಜಿಗೆ ಮಾತ್ರ ಅದು ಇಷ್ಟವಿಲ್ಲ. ರವೆ ಹಾಕಿದರೆ ಮೀನೇ ಕಾಣುವುದಿಲ್ಲ ಅಂತ ಅವರ ವಾದ. ನಾನು ರವಾ ಫ್ರೈ ಇಷ್ಟಪಡುವವನು, ತಾಜಾ ಮೀನಿಗೆ ತೆಳ್ಳಗೆ ರವೆ ಹಚ್ಚಿ ಗರಿಗರಿ ಮಾಡಿದರೆ ಅದರ ರುಚಿಯೇ ಬೇರೆ. ಆದರೂ ನಿನ್ನೆಯ ಕವಚ ನೆನೆಸಿಕೊಂಡರೆ ಅಜ್ಜಿ ಹೇಳಿದ್ದು ಸರಿ.

ಊಟ ಬಂತು. ಬಾಳೆಲೆ, ಕುಚ್ಚಲಕ್ಕಿ ಅನ್ನ, ಸಾರು, ಒಣ ಚಟ್ಲಿಯ ಚಟ್ನಿ, ಬಸಳೆ ಪಲ್ಯ, ಮಸಾಲೆ ಹಚ್ಚಿ ತವಾದಲ್ಲಿ ಕಾಯಿಸಿದ ನಂಗ್. ಬಡಿಸಿದ್ದು ಮೊಮ್ಮಗ, ಡಿಗ್ರಿ ಓದುವ ಹುಡುಗ, ಶನಿವಾರ ಕಾಲೇಜು ಬೇಗ ಬಿಡುತ್ತೆ ಅಂತ ಸೀದಾ ಬಂದು ಬ್ಯಾಗು ಗಲ್ಲಾದ ಕೆಳಗೆ ಎಸೆದು ಬಕೆಟ್ ಹಿಡಿದಿದ್ದ. ನಂಗ್ ಮಾಂಸ ಬೆಣ್ಣೆ ಹಾಗೆ ಮುಳ್ಳು ಬಿಟ್ಟು ಬರುತ್ತಿತ್ತು. ಸಾರು ಮೊದಲು ನಾಲಿಗೆಗೆ ಹುಳಿ ಅನ್ನಿಸಿ, ಆಮೇಲೆ ಕಾಯಿಯ ಸಿಹಿ ಬಂದು, ಗಂಟಲಿಗೆ ಇಳಿಯುವಾಗ ಖಾರ ಗೊತ್ತಾಗುತ್ತೆ. ಅಮ್ಮ ಮಾತಾಡಲೇ ಇಲ್ಲ. ಮಾತಾಡದೆ ಉಂಡಳು ಅಂದರೆ ಅವಳಿಗೆ ಹಿಡಿಸಿದೆ ಅಂತ ಅರ್ಥ.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಗಿರಾಕಿಗಳ ಪಾಲು ಮುಗಿಯಿತು. ಆಮೇಲೆ ಬಂದ ಒಂದು ಕಾರಿನವರನ್ನು ಯಜಮಾನರು ಕೈ ಮುಗಿದು ವಾಪಸ್ ಕಳಿಸಿದರು. ಕೈ ತೊಳೆದ ಮೇಲೆ ಅವರ ಹತ್ತಿರ ಸ್ವಲ್ಪ ಹೊತ್ತು ಕೂತೆ. ದಿನಾ ಬೆಳಿಗ್ಗೆ ಆರಕ್ಕೆ ತಾವೇ ಹೋಗಿ ಮೀನು ತರುತ್ತಾರೆ, ಆ ದಿನದ ರೇಟು ನೋಡಿಯೇ ಫ್ರೈ ರೇಟು. ಫ್ರಿಜ್‌ನಲ್ಲಿ ಹಾಲು ಮೊಸರು ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಕಾಲ. ಆಗ ನಾಡದೋಣಿಯವರು ತಂದರೆ ಉಂಟು, ಇಲ್ಲದಿದ್ದರೆ ಹೊಳೆ ಮೀನು, ಅದೂ ಇಲ್ಲದ ದಿನ ಒಣಮೀನಿನ ಸಾರು. ಅದಕ್ಕೂ ಗಿರಾಕಿ ಬರುತ್ತಾರಂತೆ. ಇಬ್ಬರ ಊಟ, ಎರಡು ಫ್ರೈ ಸೇರಿ 440 ರೂಪಾಯಿ ಆಯಿತು. ಅಜ್ಜಿ ಅಮ್ಮನ ಕೈಗೆ ಒಂದು ಪೊಟ್ಟಣ ಒಣ ಚಟ್ಲಿ ತುರುಕಿದರು, ಅದಕ್ಕೆ ದುಡ್ಡು ಮುಟ್ಟಲಿಲ್ಲ.

ಮೂರನೇ ದಿನ, ಭಾನುವಾರ

ಮರವಂತೆಯಲ್ಲಿ ಕಾರು ನಿಲ್ಲಿಸಿದೆವು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಷ್ಟು ಫೋಟೋ ನೋಡಿದ್ದರೂ ಎದುರು ನಿಂತಾಗ ಬೇರೆಯೇ. ಭಟ್ಕಳ, ಮುರ್ಡೇಶ್ವರ ದಾಟಿ ಹೊನ್ನಾವರ. ಶರಾವತಿಯ ಮೇಲೆ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದೆ, 2 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಾವು ರಸ್ತೆ ಸೇತುವೆ ಮೇಲಿದ್ದಾಗಲೇ ಅತ್ತ ಒಂದು ರೈಲು ಬಂತು, ಅಮ್ಮ ಡಬ್ಬಿ ಎಣಿಸಿದಳು.

ಕುಮಟಾದಿಂದ ಅಘನಾಶಿನಿ ಹೊಳೆಯ ಕಡೆ ತಿರುಗಿದೆವು. ಈ ಹೊಳೆಗೆ ಅಣೆಕಟ್ಟು ಇಲ್ಲ. ಬೆಟ್ಟದ ನೀರು ತಡೆಯಿಲ್ಲದೆ ಅಳಿವೆವರೆಗೂ ಬರುತ್ತೆ. ದಡದಲ್ಲಿ ಗಜನಿ ಗದ್ದೆಗಳು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ಸಾಯದ ಭತ್ತ. ಕೊಯ್ಲಾದ ಮೇಲೆ ಹಲಗೆಯ ಬಾಗಿಲು ಎತ್ತಿ ಭರತದ (ಕಡಲು ಉಬ್ಬಿದಾಗಿನ) ನೀರನ್ನು ಗದ್ದೆಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ನಾವು ಹೋದಾಗ ನೀರು ತುಂಬಿತ್ತು, ಕೊಕ್ಕರೆಗಳು ಸಾಲಾಗಿ ನಿಂತಿದ್ದವು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ.

ಇಲ್ಲಿಯ ಊಟದ ಮನೆ ಇನ್ನೂ ಸಣ್ಣದು. ಗಂಡ, ಹೆಂಡತಿ, ಮೂರು ಮೇಜು. ಮೊದಲೇ ಫೋನ್ ಮಾಡಿ ಬರಬೇಕು. ಆ ಅಕ್ಕ ತಾನೇ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ಇಳಿದು, ಕಾಲಿನಲ್ಲಿ ಮರಳು ತಡಕಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ತರುತ್ತಾರೆ. ಇಳಿತ ದಿನಾ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತೆ, ಹಾಗಾಗಿ ಬಳಚಿನ ಅಡುಗೆ ಒಂದು ವಾರ ಮಧ್ಯಾಹ್ನಕ್ಕೆ ಸಿಕ್ಕರೆ ಇನ್ನೊಂದು ವಾರ ರಾತ್ರಿಗೆ. ನಮ್ಮ ಪುಣ್ಯಕ್ಕೆ ಅವತ್ತು ಇಳಿತ ಬೆಳಿಗ್ಗೆಯೇ ಆಗಿತ್ತು. ತಂದ ಬಳಚನ್ನು ಕೆಲವು ಗಂಟೆ ನೀರಲ್ಲಿ ಬಿಟ್ಟು ಮರಳು ಕಕ್ಕಿಸಿದ್ದರು. ಬಿಸಿ ತಾಗಿದರೆ ಚಿಪ್ಪು ತಾನಾಗೇ ಬಾಯಿ ಬಿಡುತ್ತೆ. ಬಾಯಿ ಬಿಡದೇ ಇದ್ದದ್ದನ್ನು ಎಸೆಯಬೇಕು, ಅದು ಮೊದಲೇ ಸತ್ತಿರಬಹುದು. ಖಾಲಿ ಚಿಪ್ಪು ಹಿತ್ತಿಲಲ್ಲಿ ಗುಡ್ಡೆ ಬಿದ್ದಿತ್ತು, ಸುಣ್ಣಕ್ಕೆ ಹೋಗುತ್ತಂತೆ.

ಕಾಯಿತುರಿ ಹಾಕಿದ ಬಳಚಿನ ಸುಕ್ಕ, ಕಗ್ಗದ ಕೆಂಪು ಅನ್ನ. ಅನ್ನ ದಪ್ಪ, ಅಗಿಯಬೇಕು. ಇಲ್ಲಿಗೆ ಬರುವಷ್ಟರಲ್ಲಿ ಹುಳಿ ಬದಲಾಗಿತ್ತು ಅನ್ನುವುದನ್ನು ಅಮ್ಮ ಮೊದಲ ತುತ್ತಿಗೇ ಹಿಡಿದಳು. "ಹುಣಸೆ ಅಲ್ಲ ಇದು, ಉಪ್ಪಾಗೆ" ಅಂದಳು. ಹೌದು. ಕಾಡಿನ ಉಪ್ಪಾಗೆ ಸಿಪ್ಪೆ ಒಣಗಿಸಿ ಇಟ್ಟಿದ್ದು. ನಮ್ಮ ಅಜ್ಜಿ ಮನೆಯಲ್ಲೂ ಒಲೆ ಮೇಲಿನ ಅಟ್ಟದಲ್ಲಿ ಅದು ಇರುತ್ತಿತ್ತು. ಹುಣಸೆ ಹುಳಿ ನಾಲಿಗೆಗೆ ಚುರುಕ್ ಅನ್ನಿಸುತ್ತೆ, ಉಪ್ಪಾಗೆಯದು ಮೆತ್ತಗೆ, ಸ್ವಲ್ಪ ಹೊಗೆ ವಾಸನೆ. ಅಮ್ಮ ಮತ್ತು ಆ ಅಕ್ಕ ಉಪ್ಪಾಗೆ ಒಣಗಿಸುವ ಬಗ್ಗೆ ಒಂದು ಗಂಟೆ ಮಾತಾಡಿದರು. ನಾನು ಹೊಳೆ ನೋಡುತ್ತಾ ಕೂತಿದ್ದೆ.

ಕಾಣೆ ಕೇಳಿದೆವು. ಇರಲಿಲ್ಲ.

ಸಂಜೆ ಕಾರವಾರದ ಕಡೆ ಹೊರಟೆವು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ ದಾರಿಯಲ್ಲೇ ಸಿಗುತ್ತೆ. ಹೆದ್ದಾರಿ ಪಕ್ಕ ಒಂದು ಕುಟುಂಬ ನಡೆಸುತ್ತಿದ್ದ ಚಹಾದಂಗಡಿ ಮಣ್ಣಿನಡಿ ಹೋಗಿತ್ತು. ಲಾರಿಯವರಿಗೆ ಚಹಾ ತಿಂಡಿ ಕೊಡುತ್ತಿದ್ದ ಜನ. ಅಮ್ಮ ಕಿಟಕಿಯಿಂದ ಕೈ ಮುಗಿದಳು. ಕಾರವಾರ ಬರುವವರೆಗೆ ನಾವಿಬ್ಬರೂ ಏನೂ ಮಾತಾಡಲಿಲ್ಲ.

ನಾಲ್ಕನೇ ದಿನ, ಸೋಮವಾರ

ಬೆಳಿಗ್ಗೆ ಬೀಚಿನಲ್ಲಿ ನಡೆದೆವು. ರವೀಂದ್ರನಾಥ ಟಾಗೋರರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು, 1880ರ ದಶಕದಲ್ಲಿ ಟಾಗೋರರು ಬಂದು ಅವರ ಮನೆಯಲ್ಲಿ ಉಳಿದಿದ್ದರು. ಬೀಚಿಗೆ ಅವರದೇ ಹೆಸರು. ಆಮೇಲೆ ಮಾರ್ಕೆಟ್. ಮೀನು ಮಾರುವವರೆಲ್ಲ ಹೆಂಗಸರೇ, ಎಲ್ಲ ಕಡೆ ಕೊಂಕಣಿ. ಅಮ್ಮ ಸೋಮವಾರ ಅಂತ ದೂರದಲ್ಲೇ ನಿಂತಳು.

ಮಧ್ಯಾಹ್ನದ ಹೋಟೆಲ್ ಒಂದು ಓಣಿಯ ಒಳಗೆ. ತುಳಸಿಕಟ್ಟೆ ದಾಟಿ ಹೋಗಬೇಕು. ಅತ್ತೆ ಸೊಸೆ ಸೇರಿ ನಡೆಸುತ್ತಾರೆ, ಮಗ ಬಡಿಸುತ್ತಾನೆ. ಒಳಗೆ ಕಾಲಿಟ್ಟ ಕೂಡಲೇ ಸೊಸೆ ನಗುತ್ತಾ, "ಬಸಾ, ಬಸಾ. ಆಜ್ ನೊಗ್ಲಿ ಆಸಾ" ಅಂದರು. ಕೂತ್ಕೊಳ್ಳಿ, ಇವತ್ತು ನೊಗ್ಲಿ ಇದೆ ಅಂತ. ನೊಗ್ಲಿ ಅಂದರೇನು ಅಂತ ನಾನು ಕೇಳುವ ಮುಂಚೆ ಅಮ್ಮ ಪಕ್ಕದ ಮೇಜಿನ ತಟ್ಟೆ ನೋಡಿದ್ದಳು. ಉದ್ದಕ್ಕೆ, ಸಪೂರ, ಮೂತಿ ಚೂಪು.

"ಅದೇ ಕಣೋ. ಕಾಣೆ."

ಸೋಮವಾರ. ನಾನು, ಅಮ್ಮಾ ಇವತ್ತೊಂದು ದಿನ ಅಂತ ಶುರು ಮಾಡಿದೆ. ಅವಳು ನನ್ನನ್ನು ಬರೀ ನೋಡಿದಳು. ನಾನು ಸುಮ್ನಾದೆ. ಸೊಸೆಗೆ ವಿಷಯ ಗೊತ್ತಾದಾಗ ಅವರು ಬೇಜಾರೂ ಮಾಡಿಕೊಳ್ಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಒಳಗಿನ ಅತ್ತೆಗೂ ಸೋಮವಾರ ಮೀನಿಲ್ಲವಂತೆ. ಅವರಿಗೆ ಅಂತ ಬೇರೆ ಒಲೆಯಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿದ್ದ ಬೇಳೆಯ ದಾಳಿ ತೋವೆ, ಅನ್ನ, ಮಾವಿನ ಉಪ್ಪಿನಕಾಯಿ ಅಮ್ಮನ ಎಲೆಗೆ ಬಂತು. ಜೊತೆಗೆ ಬೆಳ್ಳುಳ್ಳಿ ಹಾಕದ ಸೋಲ್ ಕಡಿ. ಮುರುಗಲು ಸಿಪ್ಪೆಯ ಕೆಂಪು ನೀರಿಗೆ ತೆಂಗಿನ ಹಾಲು ಬೆರೆಸಿ ಮಾಡುತ್ತಾರೆ, ಬಣ್ಣ ಎಳೆ ಗುಲಾಬಿ. ಹುಣಸೆ, ಉಪ್ಪಾಗೆ, ಈಗ ಮುರುಗಲು. ಅಮ್ಮ ಎರಡು ಲೋಟ ಕುಡಿದಳು.

"ನೀನು ತಿನ್ನು" ಅಂದಳು. ನನಗೆ ಮನಸ್ಸಿರಲಿಲ್ಲ. "ತಿನ್ನು ಅಂದ್ನಲ್ಲ."

ತಟ್ಟೆಯಲ್ಲಿ ಮೂರು ಕಾಣೆ. ಮಸಾಲೆ ತೆಳ್ಳಗೆ, ಅಂಚು ಗರಿ. ಬೆನ್ನಿನ ಉದ್ದಕ್ಕೆ ಬೆರಳು ಎಳೆದರೆ ಮಾಂಸ ಎರಡು ಪಾಲಾಗಿ ಬಿಚ್ಚಿಕೊಂಡಿತು, ಹಾಲಿನಂಥ ಬಿಳಿ, ಒಳಗಿಂದ ಆವಿ. ಬಾಲ ಹಿಡಿದು ಎತ್ತಿದೆ.

"ಪೂರ್ತಿ ಬಂತಾ?"

"ಬಂತು."

"ಬಾಚಣಿಗೆ ತರ?"

"ಹೂಂ."

"ಸಿಹಿ ಇದ್ಯಾ?"

ಇತ್ತು. ಸಕ್ಕರೆಯ ಸಿಹಿ ಅಲ್ಲ, ಎಳನೀರಿನ ಗಂಜಿಯಲ್ಲಿ ಇರುತ್ತಲ್ಲ, ಅಷ್ಟು. ಹಾಗೇ ಹೇಳಿದೆ. ಅಮ್ಮ ತೋವೆ ಕಲಸುತ್ತಾ, "ಹಾಗೇ ಇತ್ತು ಅವತ್ತೂ" ಅಂದಳು. ಮೂರನ್ನೂ ತಿನ್ನಿಸಿದಳು, ತಲೆಯ ಹತ್ತಿರದ ಮಾಂಸ ಬಿಡಬೇಡ ಅಂತ ಅದನ್ನೂ ತೋರಿಸಿ ತಿನ್ನಿಸಿದಳು.

ದುಡ್ಡು ಕೊಡುವಾಗ, ನಾಳೆ ಸಿಗುತ್ತಾ ಅಂತ ಸೊಸೆಯನ್ನು ಕೇಳಿದೆ. ನಾಳೆಯದು ನಾಳೆ ಬೆಳಿಗ್ಗೆಯೇ ಗೊತ್ತಾಗುವುದು, ಈಗ ಇದೆ ಅಂತ ಹೇಳಿ ನಿಮ್ಮನ್ನು ಯಾಕೆ ನಿಲ್ಲಿಸಲಿ ಅಂದರು. ಸಂಜೆ ಹೊರಡಬೇಕಿತ್ತು. ಆಫೀಸಿಗೆ ಫೋನ್ ಮಾಡಿ ಒಂದು ದಿನ ರಜ ಕೇಳಿದೆ, ಲಾಡ್ಜ್‌ನಲ್ಲಿ ಇನ್ನೊಂದು ರಾತ್ರಿಗೆ ದುಡ್ಡು ಕಟ್ಟಿದೆ.

ಐದನೇ ದಿನ, ಮಂಗಳವಾರ

ಹನ್ನೆರಡು ಗಂಟೆಗೆಲ್ಲ ತುಳಸಿಕಟ್ಟೆ ಹತ್ತಿರ ಇದ್ದೆವು, ನಾವೇ ಮೊದಲು.

"ಆಜ್ ನೊಗ್ಲಿ ನಾ" ಅಂದರು ಸೊಸೆ, ಅಮ್ಮನ ಕೈ ಹಿಡಿದುಕೊಂಡು.

ಬಂಗುಡೆ ಇತ್ತು. ಘಾಟಿ ಹತ್ತಿ ನಮ್ಮೂರಿಗೂ ಬರುವ ಅದೇ ಬಂಗುಡೆ. ಆದರೆ ಇಲ್ಲಿ ಅದರ ಸಾರಿಗೆ ಜುಮ್ಮನಕಾಯಿ ಹಾಕುತ್ತಾರೆ, ಇವರು ತೆಪ್ಪಳ ಅನ್ನುತ್ತಾರೆ. ಅದನ್ನು ಹಾಕಿದ ಸಾರಿಗೆ ಬೆಳ್ಳುಳ್ಳಿ ಬೀಳುವುದಿಲ್ಲ. ಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ ಕೊನೆಗೆ ಬಿಡುವುದು. ಒಂದು ಸಿಪ್ಪೆ ಹಲ್ಲಿಗೆ ಸಿಕ್ಕರೆ ತುಟಿಯೆಲ್ಲ ಜುಮ್ಮೆನ್ನುತ್ತೆ, ಹೆಸರು ಬಂದಿದ್ದೇ ಹಾಗೆ. ಅಮ್ಮ ಮೊದಲ ತುತ್ತಿಗೆ ಕಣ್ಣು ದೊಡ್ಡದು ಮಾಡಿದಳು. ಎರಡನೇ ಸಲ ಸಾರು ಹಾಕಿಸಿಕೊಂಡಳು. ಮೂರನೇ ಸಲ ಸೊಸೆ ಕೇಳುವ ಮುಂಚೆಯೇ ಅನ್ನದ ನಡುವೆ ಗುಳಿ ಮಾಡಿ ಕೂತಿದ್ದಳು.